ಕವಳದ ತಟ್ಟೆಗೆ ಹೋದ ಭರಣಿ

೧೨-೧-೨೦೦೪, ಸೋಮವಾರ
ಹುಣಸೂರಿನಿಂದ ತರಿಸಿದ ವರ್ಜೀನಿಯಾ ತಂಬಾಕಿನ ಎಲೆಯ ಕಟ್ಟು ಬಿಚ್ಚಿದೆ. ಒಣಗಿದ್ದು ಹೆಚ್ಚಾಗಿದೆ. ಒದ್ದೆ ಬಟ್ಟೆ ಹೊದೆಸಿಟ್ಟೆ, ಮಧ್ಯಾಹ್ನಕ್ಕೆ ಮೆತ್ತಗಾಯಿತು. ಕೂತು ನಡುವಿನ ನರ ತೆಗೆದೆ. ಮೂರು ಪಾಲು ಅದು, ಒಂದು ಪಾಲು ನಿಪ್ಪಾಣಿಯ ಕಪ್ಪೆಲೆ. ಬೆಲ್ಲದ ನೀರು ಚಿಮುಕಿಸಿ, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಅರೆಯುವ ಕಲ್ಲು ಹೇರಿದೆ. ನಾಲ್ಕು ದಿನ ಅಲುಗಾಡಿಸಬಾರದು. ಹಾಗಾದರೆ ಇಡ್ಲಿಗೆ ಅರೆಯುವುದು ಯಾವುದರಲ್ಲಿ ಎಂದು ಹೆಂಡತಿ ಬಂಗಾರಿ ಕೇಳಿದಳು. ಮಿಕ್ಸರ್ ಇದೆಯಲ್ಲ, ಅಂದೆ.

ಕಳೆದ ವರ್ಷ ಎಲೆಗೆ ಹುಳಿ ಮುರುಗಲು ಸಿಪ್ಪೆ ಹಾಕಿ ನೋಡಿದ್ದೆ. ಸೇದುವ ಪೈಪಿನಲ್ಲಿ ಸಾರು ಕುದಿಸಿದ ಹಾಗಾಯಿತು. ಈ ಸಲ ಅಂಥ ಆಟ ಇಲ್ಲ.

೧೮-೧, ಭಾನುವಾರ
ಮಾಡಿನ ಕೆಳಗಿನ ಮೆತ್ತಿಗೆ ಹತ್ತಿ ದೊಡ್ಡ ಭರಣಿ ನೋಡಿ ಬಂದೆ. ನೋಡಿದ್ದಷ್ಟೆ.

೧೯೯೮ರ ಮೇ ತಿಂಗಳಲ್ಲಿ ಪೈಪಿನ ಎಲೆ ತುಂಬಿ ಕಟ್ಟಿದ್ದು. ಹಡಗಿನ ಕೆಲಸ ಬಿಟ್ಟು ಊರಿಗೆ, ಬೆಳಕೆಗೆ, ಬಂದು ಕೂತ ಮೊದಲ ವರ್ಷ. ಕೊನೆಯ ಟ್ರಿಪ್ಪಿನಲ್ಲಿ ತಂದ ರಮ್ಮಿನಲ್ಲಿ ಅರ್ಧ ಬಾಟಲಿ ಆ ಎಲೆಗೇ ಕುಡಿಸಿದ್ದೇನೆ. ಬಾಯಿಗೆ ಬಟ್ಟೆ ಕಟ್ಟಿ ಮೇಣ ಸುರಿದದ್ದು. ಏಳು ವರ್ಷ ತೆರೆಯಬಾರದು. ನನಗೆ ಪೈಪ್ ಕಲಿಸಿದ ಚೀಫ್ ಇಂಜಿನಿಯರ್ ಹೇಳಿಕೊಟ್ಟ ಲೆಕ್ಕ ಅದು. ಅವರು ಮಾತ್ರ ತಡೆಯಲಾರದೆ ನಾಲ್ಕಕ್ಕೇ ಬಿಚ್ಚಿದ್ದರು. ನಾನು ಬಿಚ್ಚುವುದಿಲ್ಲ. ಇನ್ನು ಹದಿನಾರು ತಿಂಗಳು.

೮-೨, ಭಾನುವಾರ, ಸಂಜೆ
ವಿನುತಾಳ ನಿಶ್ಚಿತಾರ್ಥ ಮುಗಿಯಿತು. ಮಗಳ ಮುಖದಲ್ಲಿ ನಗು ಇತ್ತು, ಅಷ್ಟು ಸಾಕು. ಹುಡುಗ ದಿನಕರ ಕರ್ಕಿಯವ, ಕುಮಟಾ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಂದೆ ಇಲ್ಲ. ಸಾಕಿದ್ದು ಸೋದರಮಾವ ಶನಿಯಾರ, ಆ ಮನೆಯಲ್ಲಿ ಅವರ ಮಾತೇ ಕೊನೆ. ಒಂದು ಕಾಲದಲ್ಲಿ ಕುಡಿದು ದೋಣಿಯಲ್ಲೇ ಬಿದ್ದಿರುತ್ತಿದ್ದರಂತೆ. ಒಂಬತ್ತು ವರ್ಷದ ಹಿಂದೆ ಊರ ದೇವರೆದುರು ತೆಂಗಿನಕಾಯಿ ಮುಟ್ಟಿ ಆಣೆ ಮಾಡಿದರು. ಅಲ್ಲಿಂದ ಇಲ್ಲಿಯವರೆಗೆ ಒಂದು ಹನಿ ಇಲ್ಲ. ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿ ಕುಡಿಯುವವರು.

ನಲವತ್ತು ಜನ ಎಂದಿದ್ದರು, ಎಪ್ಪತ್ತು ಬಂದರು. ಆದರೂ ಊಟ ಸಾಕಾಯಿತು. ಆಮೇಲೆ ಜಗಲಿಯಲ್ಲಿ ಕವಳ ಜೋರು. ಶನಿಯಾರ ಭಾವ ಎಲೆ-ಅಡಿಕೆ ತಟ್ಟೆ ಬಿಟ್ಟು ಏಳಲೇ ಇಲ್ಲ. ತಂಬಾಕು ಬಹಳ ಚೆನ್ನಾಗಿದೆ, ಎಲ್ಲಿಯದು ಎಂದು ಕೇಳಿದರು. ಭಟ್ಕಳ ಪೇಟೆಯದು, ಅಂದೆ.

ಮದುವೆ ಏಪ್ರಿಲ್ ೨೬ಕ್ಕೆ.

೯-೨, ಬೆಳಿಗ್ಗೆ
ಭರಣಿ ಅಡುಗೆಮನೆಯಲ್ಲಿದೆ.

ಮೇಣವನ್ನು ಬಂಗಾರಿ ಈಳಿಗೆಮಣೆಗೆ ತಿಕ್ಕಿ ತೆಗೆದಿದ್ದಾಳೆ. ತಳದಲ್ಲಿ ಉಳಿದದ್ದು ಒಂದು ಹಿಡಿ. ನಿನ್ನೆ ಕವಳದ ತಟ್ಟೆಯ ತಂಬಾಕು ಮುಗಿಯಿತಂತೆ. ಭಾನುವಾರ, ಹತ್ತಿರದ ಅಂಗಡಿ ಬಾಗಿಲು ಹಾಕಿತ್ತಂತೆ. ಬೀಗರ ಮುಂದೆ ತಂಬಾಕಿಲ್ಲದ ಕವಳ ಇಡಲು ನಾಚಿಕೆಯಾಗುವುದಿಲ್ಲವೇ ಎಂದು ನನಗೇ ತಿರುಗಿ ಕೇಳಿದಳು.

“ಅದೂ ತಂಬಾಕೇ ಅಲ್ದಾ? ಆರು ವರ್ಷ ಮೆತ್ತಿನ ಮೇಲೆ ಇಟ್ಕಂಡು ಎಂತ ಮಾಡೂದು? ಉಪ್ಪಿನಕಾಯಿಯಾ?”

ಆರು ವರ್ಷ. ಸುಣ್ಣ ಸವರಿಕೊಂಡು ತಿಂದರು. ತಿಂದು ನನ್ನದೇ ತೆಂಗಿನ ಬುಡಕ್ಕೆ ಉಗುಳಿದರು. ಈಗಷ್ಟೇ ನೋಡಿ ಬಂದೆ, ಬುಡವೆಲ್ಲ ಕೆಂಪು. ಎಪ್ಪತ್ತು ಜನರಲ್ಲಿ ಒಬ್ಬನಾದರೂ ಇದು ಸಾಮಾನ್ಯ ಎಲೆ ಅಲ್ಲ ಅನ್ನಬೇಡವೇ... ಅಂದವರು ಒಬ್ಬರೇ. ಅವರಿಗೆ ನಾನೇ ಪೇಟೆಯದು ಅಂದೆ.

೧೧-೨
ಬಂಗಾರಿಯ ಹತ್ತಿರ ಮಾತು ಬಿಟ್ಟು ಎರಡು ದಿನ. ಅವಳಿಗೆ ಅದು ಗೊತ್ತೇ ಆಗಿಲ್ಲ ಅಂತ ಕಾಣುತ್ತದೆ.

ಕ್ರಾಸಿನಲ್ಲಿ ಚಾ ಅಂಗಡಿಯ ಲಿಂಗಪ್ಪ, ಮೊನ್ನೆಯ ತಂಬಾಕು ಎರಡು ರೂಪಾಯಿಯದು ಕೊಡಿಸು ಅಂದ. ಎರಡು ರೂಪಾಯಿಯದು. ತಡೆಯಲಾಗಲಿಲ್ಲ. ಎಲೆ ಎಲ್ಲಿಯದು, ಎಷ್ಟು ದಿನ ಒತ್ತಿಟ್ಟದ್ದು, ಯಾವ ಬಂದರಿನ ರಮ್ಮು — ಎಲ್ಲ ಹೇಳಿದೆ. ಬಸ್ಸಿಗೆ ಕಾಯುತ್ತಿದ್ದವರೂ ಕೇಳಿಸಿಕೊಂಡರು. ಕೇಳಲಿ. ಏನು ತಿಂದಿದ್ದೇವೆ ಎಂದು ತಿಂದವರಿಗೆ ಗೊತ್ತಾಗಲಿ.

೧೯-೨, ಗುರುವಾರ
ಗೊತ್ತಾಗಿದೆ. ಬಸ್ಸು ಹತ್ತಿದ ಸುದ್ದಿ ಹೊನ್ನಾವರ ದಾಟಿ ಕರ್ಕಿ ಮುಟ್ಟಿದೆ.

ದಿನಕರ ಫೋನ್ ಮಾಡಿದ. ಶನಿಯಾರ ಮಾವ ಎರಡು ದಿನದಿಂದ ಊಟ ಬಿಟ್ಟಿದ್ದಾರಂತೆ. ಒಂಬತ್ತು ವರ್ಷದ ಆಣೆ ಬೀಗರ ಜಗಲಿಯಲ್ಲಿ ಮುರಿಯಿತು ಅನ್ನುತ್ತಿದ್ದಾರಂತೆ. ಈಗ ಅವರದು ಒಂದೇ ಮಾತು. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ನಾನು ಕರ್ಕಿಗೆ ಹೋಗಬೇಕು. ಊರ ದೇವರೆದುರು ಕಾಯಿ ಮುಟ್ಟಿ, ಆ ತಂಬಾಕಿಗೆ ರಮ್ ಹಾಕಿರಲಿಲ್ಲ ಎನ್ನಬೇಕು. ಹಾಗೆ ಹೇಳಿದರೆ ಮದುವೆ. ಇಲ್ಲದಿದ್ದರೆ ಹೆಂಡ ಬೆರೆಸಿ ಕವಳ ಕೊಡುವ ಮನೆಯ ಹುಡುಗಿ ಬೇಡ.

ಹೆಂಡ ಬೆರೆಸಿ ಕೊಡುವ ಮನೆ. ನಾನೇನು ಅವರ ಬಾಯಿಗೆ ಇಟ್ಟೆನೇ? ಪೈಪಿಗೆ ಎಂದು ಮಾಡಿದ್ದನ್ನು ಕೇಳದೆ ತಿಂದವರು ಅವರು. ಆಣೆ ಅವರದು, ನಾಲಿಗೆ ಅವರದು, ಕಾಯಿ ಮುಟ್ಟಬೇಕಾದವನು ನಾನು. ಹೋದ ನನ್ನ ಭರಣಿಗೆ ಯಾರು ಕಾಯಿ ಮುಟ್ಟುತ್ತಾರೆ?

ಆರು ವರ್ಷದಲ್ಲಿ ರಮ್ಮಿನ ಅಮಲು ಪೂರಾ ಆರಿ ಹೋಗಿರುತ್ತದೆ, ಉಳಿದದ್ದು ವಾಸನೆ ಎಂದು ದಿನಕರನಿಗೆ ಹೇಳಿದೆ. ಹಾಕಿದ್ದು ಹೌದೋ ಅಲ್ಲವೋ, ಅಷ್ಟೇ ಮಾವ ಕೇಳುತ್ತಾರೆ ಅಂದ. ಅವನ ಸ್ವರವೂ ಸಣ್ಣಗಾಗಿತ್ತು. ಪಾಪ.

೨೨-೨
ಬಂಗಾರಿ ಕೇಳದೆಯೇ ಚಾ ತಂದು ಪೈಪಿನ ಪಕ್ಕ ಇಟ್ಟಳು. ಸ್ವಲ್ಪ ಹೊತ್ತು ನಿಂತಳು. ಅವಳ ಮಟ್ಟಿಗೆ ಅದು ತಪ್ಪಾಯ್ತು ಅಂದ ಹಾಗೆ. ನಾನು ಚಾ ಕುಡಿದೆ. ಇನ್ನೂ ಸಿಟ್ಟಿದೆ.

ವಿನುತಾ ಟೈಲರಿಂಗ್ ಕ್ಲಾಸಿನಿಂದ ಬಂದವಳು ಬ್ಯಾಗನ್ನೂ ಇಳಿಸದೆ ಹೇಳಿದಳು —

“ಅಪ್ಪ, ನನ್ನ ಸಲುವಾಗಿ ದೇವರೆದ್ರು ಸುಳ್ಳು ಹೇಳೂದು ಬೇಡ. ನಿಜ ಹೇಳಿ ಮದ್ವೆ ಮುರ್ಸೂದೂ ಬೇಡ. ಎಂತಾರೂ ಮಾಡು.”

ಎಂತಾರೂ ಮಾಡು. ಹಡಗಿನಲ್ಲಿ ಬಿರುಗಾಳಿಗೆ ಸಿಕ್ಕಾಗಲೂ ಇಷ್ಟು ಇಕ್ಕಟ್ಟು ಆಗಿರಲಿಲ್ಲ.

೨೮-೨, ಶನಿವಾರ
ಬಾವಿಕಟ್ಟೆಯ ಹತ್ತಿರ ಒಬ್ಬನೇ ನಿಂತು ಹೇಳಿ ನೋಡಿದೆ. “ಅದಕ್ಕೆ ರಮ್ ಹಾಕಿರಲಿಲ್ಲ.” ಎರಡನೇ ಸಲ ನಡುವೆಯೇ ನಿಲ್ಲಿಸಿದೆ. ದೇವರ ಹೆದರಿಕೆ ಅರ್ಧ. ಇನ್ನರ್ಧ, ನಿಜ ಬರೆಯುತ್ತೇನೆ, ಹೊಟ್ಟೆಯುರಿ. ನನ್ನ ಜೀವಮಾನದಲ್ಲಿ ಚೆನ್ನಾಗಿ ಮಾಡಿದ ಕೆಲಸ ಅದೊಂದು. ಒಬ್ಬನೂ ಅದನ್ನು ಸೇದಲಿಲ್ಲ, ನಾನೂ ಸೇದಲಿಲ್ಲ. ಈಗ ಅದನ್ನು ಇಲ್ಲವೆಂದು ಹೇಳಿ ಬರಬೇಕು.

ಹೇಳುತ್ತೇನೆ. ಮಗಳು ದೊಡ್ಡವಳು. ಎಲೆ ಅಲ್ಲ.

೨೯-೨, ಭಾನುವಾರ, ಸಂಜೆ ಏಳು
ನಾಲ್ಕರ ಬಸ್ಸಿಗೆ ಶನಿಯಾರ ಭಾವ ಬಂದರು. ಒಬ್ಬರೇ. ಮನೆ ಒಳಗೆ ಬರಲಿಲ್ಲ, ಅಂಗಳದಲ್ಲೇ ಮಣೆ ಹಾಕಿಸಿಕೊಂಡು ಕೂತರು. ಇಪ್ಪತ್ತು ದಿನದಲ್ಲಿ ಇಳಿದುಹೋಗಿದ್ದಾರೆ. ಬಂಗಾರಿ ನೀರು-ಬೆಲ್ಲ ಇಟ್ಟಳು. ಕವಳದ ತಟ್ಟೆ ತರಲು ಧೈರ್ಯ ಮಾಡಲಿಲ್ಲ.

“ಭಾವ, ನಾಳೆ ಕರ್ಕಿಗೆ ಬರೂದು ಬೇಡ,” ಅಂದರು. “ನಂಗೆ ಮೊದಲ್ನೇ ಕವಳಕ್ಕೇ ಗೊತ್ತಾಗಿತ್ತು. ಮತ್ತೂ ಐದು ಹಾಕ್ದೆ.”

ಬೇರೆಯವನು ಆಣೆ ಮಾಡಿ ಇಲ್ಲ ಅಂದರೆ ತಾವೂ ನಂಬಿಕೊಳ್ಳಬಹುದು ಎಂದುಕೊಂಡಿದ್ದರಂತೆ. ನಿನ್ನೆ ದೇವಸ್ಥಾನದಲ್ಲಿ ಕೂತಾಗ ತಮಗೇ ಅಸಹ್ಯವಾಯಿತಂತೆ. ದೇವರಿಗೆ ತಪ್ಪು ಕಾಣಿಕೆ ತಾವೇ ಹಾಕುತ್ತಾರೆ, ಕಾರಣ ಎಲ್ಲರೆದುರು ಹೇಳಿಯೇ ಹಾಕುತ್ತಾರೆ. ಮದುವೆ ಹೇಳಿದ ದಿನವೇ.

ಸಮಾಧಾನ ಆಗಬೇಕಿತ್ತು. ಸಿಟ್ಟೇ ಮೊದಲು ಬಂತು. ಹತ್ತು ದಿನ ಈ ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿದಿಲ್ಲ ಅಂದೆ. ಹೆಂಡ ಬೆರೆಸುವ ಮನೆ ಅನ್ನಿಸಿಕೊಂಡೆವಲ್ಲ ಅಂದೆ. ಇನ್ನೂ ಏನೇನೋ ಅಂದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. ನನಗೇ ಬೈಗುಳ ಮುಗಿಯಿತು.

ಆಮೇಲೆ ಮೆಲ್ಲಗೆ, ಉಳಿದಿದೆಯೇ ಎಂದು ಕೇಳಿದರು. ಒಂದು ಹಿಡಿ, ಅಂದೆ.

“ನನ್ನೆದ್ರೇ ಸುಟ್ಟಾಕಿ. ಅದು ಉಂಟು ಅಂತ ಗೊತ್ತಿದ್ರೆ ನಂಗೆ ನಿದ್ದೆ ಇಲ್ಲ.”

ಒಲೆಗೆ ಹಾಕಲು ಬಂಗಾರಿ ಕೈಚಾಚಿದಳು. ಕೊಡಲಿಲ್ಲ. ಎಲೆ ಸುಡುವುದಕ್ಕೆ ನನಗೆ ಗೊತ್ತಿರುವುದು ಒಂದೇ ದಾರಿ. ಭಾವನ ಮುಖ ನೋಡಿದೆ, ಬೇಡ ಅನ್ನಲಿಲ್ಲ. ಪೈಪ್ ತುಂಬಿದೆ. ಮೊದಲ ಕಡ್ಡಿ ಆರಿತು. ಎರಡನೆಯದಕ್ಕೆ ಹೊತ್ತಿತು.

ಹೇಗಿತ್ತು ಎಂದು ಬರೆಯಲು ಕೂತರೆ ಈ ಪುಸ್ತಕ ಸಾಲದು. ಕಣ್ಣು ತುಂಬಿತು, ಹೊಗೆಗೆ ಅಂದುಕೊಳ್ಳಲಿ.

ಕಡಲ ಗಾಳಿ ಬೀಸುತ್ತಿತ್ತು. ಹೊಗೆಯೆಲ್ಲ ಬಾವಿಯ ಕಡೆಗೆ ಹೋಗುತ್ತಿತ್ತು. ಭಾವ ಈಚೆ ಬದಿಗೆ ಕೂತಿದ್ದರು, ಮಡಿಲಲ್ಲಿ ಎರಡೂ ಕೈ. ಸ್ವಲ್ಪ ಹೊತ್ತು ಹೊಗೆಯನ್ನೇ ನೋಡಿದರು. ಆಮೇಲೆ ಎದ್ದರು. ಹೊರಟರು ಅಂದುಕೊಂಡೆ. ಬಗ್ಗಿ ಮಣೆ ಎತ್ತಿಕೊಂಡು, ನನ್ನ ಕಡೆ ನೋಡದೆ, ಬಾವಿಯ ಬದಿಗೆ ಹೋಗಿ, ಹೊಗೆಗೆ ಮುಖ ಕೊಟ್ಟು ಕೂತರು.