ಮಳೆ ಬಂದರೆ ಏನು ಮಾಡುತ್ತೀಯ?

ಶಾರ್ಜಾ, ಮಂಗಳವಾರ

ಪ್ರವೇಶ ವಿಭಾಗದ ಮುಖ್ಯಸ್ಥೆ ಶ್ರೀಮತಿ ವಿಟ್‌ಕೋಂಬ್ ಅವರಿಗೆ,

ನನ್ನ ನಾಲ್ಕು ವರ್ಷದ ಮಗಳು ರಿಹಾಬ್ ನಿಮ್ಮ ಬ್ರಿಟಿಷ್ ಶಾಲೆಗೆ ಇನ್ನೂ ತಯಾರಾಗಿಲ್ಲ ಎಂಬ ಪತ್ರ ತಲುಪಿತು.

ಸಂದರ್ಶನದಲ್ಲಿ ನಿಮ್ಮ ಟೀಚರ್ ಚಿತ್ರವೊಂದನ್ನು ತೋರಿಸಿ, "ಮಳೆ ಬಂದ್ರೆ ಏನ್ ಮಾಡ್ತೀಯ ಪುಟ್ಟಿ?" ಎಂದು ಕೇಳಿದರು. "ಸ್ಕೂಲಿಗೆ ರಜಾ! ಬಾಬಾ ಕಾರಲ್ಲಿ ಮಳೆ ನೋಡೋಕೆ ಕರ್ಕೊಂಡು ಹೋಗ್ತಾರೆ," ಎಂದಳು ಇವಳು. ಕೊಡೆ ಹಿಡಿಯುತ್ತೇನೆ ಅನ್ನಬೇಕಿತ್ತಂತೆ. ನಮ್ಮ ಮನೆಯಲ್ಲಿ ಕೊಡೆಯೇ ಇಲ್ಲ, ಮೇಡಂ. ಇವಳು ಹುಟ್ಟಿದ್ದು ಈ ಮರಳುಗಾಡಿನಲ್ಲಿ; ಲಂಡನ್ನಿನ ಮಳೆ ಇವಳಿಗೇನು ಗೊತ್ತು? ನಾವು ಸುಡಾನಿನವರೆಂದು ತಿಳಿದು, "ಸುಡಾನ್ ಕಡೆ ಮಕ್ಕಳಿಗೆ ಇದೆಲ್ಲ ಸ್ವಲ್ಪ ಕಷ್ಟಾನೇ ಬಿಡಿ," ಎಂದು ಟೀಚರ್ ನಕ್ಕಿದ್ದನ್ನೂ ನುಂಗಿಕೊಂಡು ಬಂದೆ.

ನಿನ್ನೆ ಸಂಜೆ ನಾಲ್ಕು ಹನಿ ಬಿತ್ತು. ನಿಮ್ಮಲ್ಲೇ ಓದುತ್ತಿರುವ ನನ್ನ ದೊಡ್ಡ ಮಗನಿಗಾಗಿ ನಿಮ್ಮದೇ ಸಂದೇಶ ನನ್ನ ಫೋನಿಗೆ ಬಂತು: ಮಳೆಯ ಕಾರಣ ನಾಳೆ ಶಾಲೆಗೆ ರಜೆ.

"ನಾ ಹೇಳ್ಲಿಲ್ವಾ?" ಎಂದು ರಿಹಾಬ್ ಮನೆ ತುಂಬ ಕುಣಿದಳು.

ಸೀಟಿಗಾಗಿ ಅಂಗಲಾಚುತ್ತಿಲ್ಲ. ಅವಳ ಉತ್ತರಕ್ಕೆ ಹಾಕಿರುವ ತಪ್ಪು ಗುರುತನ್ನು ಅಳಿಸಿ, ಸರಿ ಎಂದು ಬರೆದುಕೊಡಿ. ಅವಸರವೇನಿಲ್ಲ. ಇವತ್ತು ನೀವೂ ಕೊಡೆ ಹಿಡಿದು ಶಾಲೆಗೆ ಬಂದಿಲ್ಲವಲ್ಲ.

ಇಂತಿ,
ರಿಹಾಬಳ ತಾಯಿ
ಇಹ್ಸಾನ್ ಬಶೀರ್