ಹಾಸು ಅಡ್ಡ, ಹೊಕ್ಕು ಉದ್ದ

ಆಗಸ್ಟ್ 4, ಶ್ರಾವಣ ಸೋಮವಾರ. ಬೆಳಿಗ್ಗೆ

ಒಪ್ಪತ್ತು. ಸಂಜೆವರೆಗೆ ನೀರಷ್ಟೇ. ಅಂಗಳ ಸಾರಿಸಿದೆ, ಪೂಜೆ ಆಯಿತು, ನೇಯ್ಗೆಯ ಕಂಡಿಕೆಗೆ ನೂಲು ಸುತ್ತಿಟ್ಟೆ.

ಮೈದುನ ಮುರಗೆಪ್ಪ ಬಂದಿದ್ದ. 2019ರ ಮಹಾಪೂರದಲ್ಲಿ ಹೊಳೆ ಪಾಲಾದ ತನ್ನ ಅಣ್ಣನಿಗೆ, ಅಂದರೆ ನಮ್ಮ ಮನೆಯವರಿಗೆ, ಈ ಅಮಾವಾಸ್ಯೆಗೆ ಕ್ರಿಯೆ ಮಾಡಿಬಿಡೋಣವಂತೆ. ಹೆಣ ಸಿಗಲಿಲ್ಲ, ನಾನು ತಾಳಿ ತೆಗೆದಿಲ್ಲ. ಅದೇ ಅವನ ಸಂಕಟ. "ವೈನಿ, ಹೊಳಿ ಒಯ್ದದ್ದನ್ನ ತಿರುಗಿ ಕೊಡಂಗಿಲ್ಲ" ಅಂದ. ನೋಡೋಣ ಅಂದು ಚಹಾ ಕೊಟ್ಟು ಕಳಿಸಿದೆ.

ಸಂಜೆ ಮಗಳು ವೈಶಾಲಿ ಜಮಖಂಡಿ ರಸ್ತೆಯ ಹೊಸ ಬ್ಲೂಸ್ ಕ್ಲಬ್‌ಗೆ ಕರೆದೊಯ್ಯುತ್ತಾಳಂತೆ. ದುಃಖದ ಹಾಡು, ಛಲೋ ಊಟ. ಅಳುವುದನ್ನು ಕೇಳಲು ಅಷ್ಟು ದೂರ ಯಾಕೆ ಅಂದೆ. ಒಪ್ಪತ್ತು ಅಲ್ಲೇ ಬಿಡು, ಬದನೆಕಾಯಿ ನಿನಗಿಂತ ಛಲೋ ಮಾಡುತ್ತಾರೆ ಅಂದಳು. ಅದೊಂದು ನೋಡಿಯೇಬಿಡಬೇಕು.

ಅದೇ ದಿನ, ಮನೆಗೆ ಬಂದ ಮೇಲೆ

ಬದನೆಕಾಯಿ ಖರೆ ಛಲೋ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನೀಲಿ ಲೈಟು — ಎಲ್ಲರ ಮುಖ ನೀರಿನೊಳಗೆ ಇದ್ದ ಹಾಗೆ.

ಹಾಡುವವನು ಮಲ್ಲಿನಾಥ, ಮುಧೋಳದವನು, ಕೈಯಲ್ಲಿ ಗಿಟಾರ್. ಮೊದಲು ಇಂಗ್ಲಿಷ್ ಹಾಡು. ಆಮೇಲೆ ಕನ್ನಡ...

"ಹಾಸು ಅಡ್ಡ ಬಂತ, ಹೊಕ್ಕು ಉದ್ದ ನಿಂತ, ಹೇಳ ನನ್ನ ಗೆಳತಿ..."

ತುತ್ತು ಕೈಯಲ್ಲೇ ಉಳಿಯಿತು. ನಮ್ಮ ಮನೆಯವರ ಹಾಡು! ಮಗ್ಗದಲ್ಲಿ ಉದ್ದ ಇರುವ ನೂಲು ಹಾಸು, ಅಡ್ಡ ಹೋಗುವುದು ಹೊಕ್ಕು. ನೇಕಾರರ ಕೂಸಿಗೂ ಗೊತ್ತು. ಮಗ್ಗದಲ್ಲಿ ಕೂತು ಬೇಕಂತಲೇ ತಪ್ಪು ಹಾಡುತ್ತಿದ್ದರು. ನಾನು ಒಳಗಿನಿಂದ ಹಾಡಿ ತಿದ್ದಬೇಕು. ನಮ್ಮಿಬ್ಬರ ಆಟ. ಹೊರಗಿನವರು ಯಾರೂ ಕೇಳಿದವರಲ್ಲ.

ಬಾಯಿ ತಾನೇ ತಿದ್ದಿತು. ಅಷ್ಟು ಜನರ ನಡುವೆ ಹಾಡಿಬಿಟ್ಟೆ.

ಗಿಟಾರ್ ನಿಂತಿತು. ಮಲ್ಲಿನಾಥ ಇಳಿದು ಬಂದ.

"ಅಕ್ಕಾರ, ಇದನ್ನ ಯಾರರೆ ತಿದ್ದಿದ್ರ ಒಂದ ಮಾತ ಕೇಳು ಅಂತ ಹಾಡ ಕಲಿಸಿದವ್ರು ಅಂದಿದ್ರು. ಮಗ್ಗ ಬಿಚ್ಚಿದಿ ಏನು ಅಂತ."

ಯಾರು ಅಂದೆ. ಗೊತ್ತಿಲ್ಲವಂತೆ. ಗಲಗಲಿ ಹೊಳೆದಂಡೆಯಲ್ಲಿ ಕೂತು ಗಿಟಾರ್ ಬಾರಿಸುವಾಗ, ಹೊತ್ತು ಮುಳುಗುತ್ತಿದ್ದಂತೆ ಆಚೆ ದಂಡೆಯಿಂದ ಒಂದು ದನಿ ಹಾಡು ಕಲಿಸಿತಂತೆ. ಮುಖ ನೋಡಿಲ್ಲ. ನಮ್ಮ ಮನೆಯವರು ಅರ್ಧ ನೇಯ್ದು ಬಿಟ್ಟ ಹಾಸು ಅವರ ಮಗ್ಗದ ಮೇಲೆ ಇನ್ನೂ ಹಾಗೇ ಇದೆ.

ಆಗಸ್ಟ್ 6, ಬುಧವಾರ

ವೈಶಾಲಿ ಜೊತೆ ಗಲಗಲಿಗೆ ಹೋಗಿದ್ದೆ. ಹೊಳೆ ತುಂಬಿದೆ. ಆಚೆ ದಂಡೆ ಕಣ್ಣಿಗೆ ಗೆರೆಯಷ್ಟೇ. ದೋಣಿಯ ಬಸಗೊಂಡಪ್ಪನನ್ನು ಕೇಳಿದೆ. ಅಲ್ಲಿಂದ ಕೂಗಿದರೆ ಇಲ್ಲಿಗೆ ಕೇಳುವುದಿಲ್ಲ ಅಂದ. ಹಾಗಾದರೆ ದನಿ?

"ದಂಡಿಯಿಂದಲ್ರಿ ಯವ್ವಾ. ನಡು ಹೊಳಿಯಿಂದ ಬರ್ತೈತಿ. ನಾವ್ಯಾರೂ ಓ ಅನ್ನಂಗಿಲ್ಲ."

ಹೊತ್ತು ಮುಳುಗುವವರೆಗೆ ಕೂತೆ. ನನಗೆ ಏನೂ ಕೇಳಲಿಲ್ಲ. ತಿರುಗಿ ನೋಡಿದರೆ ವೈಶಾಲಿ ಎರಡೂ ಕಿವಿ ಮುಚ್ಚಿಕೊಂಡಿದ್ದಳು.

ಆಗಸ್ಟ್ 21, ಗುರುವಾರ

ನಾಳೆ ಅಮಾವಾಸ್ಯೆ ಹಿಡಿಯುತ್ತದೆ. ಮುರಗೆಪ್ಪ ಕ್ರಿಯೆಗೆ ಸ್ವಾಮಿಗಳಿಗೆ ಹೇಳಿ ಬಂದಿದ್ದಾನೆ. ಅಂದು ಹೊಳೆದಂಡೆಯಲ್ಲಿ ನಿನಗೆ ಏನು ಕೇಳಿಸಿತು ಅಂದರೆ ವೈಶಾಲಿ ಬಾಯಿ ಬಿಡುವುದಿಲ್ಲ. ಮಗ್ಗದ ಕೋಣೆಗೆ ಬರುವುದನ್ನೇ ಬಿಟ್ಟಿದ್ದಾಳೆ.

ದೇವರ ಮುಂದೆ ಕೂತರೂ ಮನಸ್ಸು ನಿಲ್ಲಲಿಲ್ಲ. ಜೀವಂತ ಇದ್ದವರಿಗೆ ಕ್ರಿಯೆ ಮಾಡಿದರೆ ಪಾಪ. ಸತ್ತವರನ್ನು ಕಟ್ಟಿಹಾಕಿದರೂ ಪಾಪ. ಮಲ್ಲಿನಾಥನಿಗೆ ಫೋನ್ ಮಾಡಿದೆ. ಆ ದನಿಗೆ ಓ ಅಂದವನು ಅವನೊಬ್ಬನೇ.

"ತಮ್ಮಾ, ಇವತ್ತ ಸಂಜಿಗೆ ಹೊಳಿಗೆ ಹೋಗು. ಮಗ್ಗ ಬಿಚ್ಚಿಲ್ಲ, ಹಾಸು ಹಂಗ ಬಿಗಿದೈತಿ ಅಂತ ಹೇಳು. ಮಗ್ಗದಾಗ ಕೂಡಾಕ ಬರ್ತಾರೋ, ನಾ ಕತ್ತರಿಸ್ಲೋ, ಕೇಳು. ಏನಂದ್ರೂ ಸರಿ, ಅವರ ಉತ್ತರ ನಾಳೆ ಮುಂಜಾನಿ ಒಳಗ ನನಗ ತಂದು ಮುಟ್ಟಿಸು."