ಸೈಕಲ್ ತುಳಿಯುವ ಗಂಡ

ಮಾರ್ಚ್ ೧೬, ಭಾನುವಾರ

ಪ್ರೀತಿಯ ಗುಬ್ಬಿಗೆ,

ನಿನ್ನ ಭಾವ ಬದುಕಿದ್ದಾನೆ ಎಂದು ಮೊದಲು ತಿಳಿಸಿಬಿಡುತ್ತೇನೆ. ನಿನ್ನ ಮೆಸೇಜಿಗೆ ಇಷ್ಟು ದಿನ ಉತ್ತರ ಕೊಡದೆ ಕೂತದ್ದು ತಪ್ಪು. ಬೈಯುವುದಿದ್ದರೆ ಬಂದು ಎದುರಿಗೇ ಬೈ. ಮೆಸೇಜಿನಲ್ಲಿ ಬೈದರೆ ನಿನ್ನ ಕಾಗುಣಿತದ ತಪ್ಪುಗಳ ಮೇಲೆ ಕಣ್ಣು ಹೋಗಿ, ಬೈಗುಳದ ಬಿಸಿ ಆರಿಹೋಗುತ್ತದೆ. ಫೋನ್ ಮಾಡಬಹುದಿತ್ತು ನಿಜ. ಆದರೆ ನಮ್ಮದು ಒಂದೂವರೆ ಕೋಣೆಯ ಮನೆ, ಅರ್ಧದಲ್ಲಿ ಆಡಿದ್ದು ಒಂದರಲ್ಲಿ ಪೂರ್ತಿ ಕೇಳಿಸುತ್ತದೆ. ನಿನ್ನಕ್ಕನಿಗೆ ಕೈಕೊಟ್ಟಿರುವುದು ಶ್ವಾಸಕೋಶ, ಕಿವಿಯಲ್ಲ. ಅದಕ್ಕೇ ಈ ಕಾಗದ.

ನೀನು ಕೇಳಿದ್ದು ಹೀಗೆ: “ಭಾವ, ನಿಮ್ಮ ಧಾರಾವಾಹೀಲಿ ಇಡೀ ಲೋಕಕ್ಕೇ ಕರೆಂಟ್ ಹೋಗಿದೆ ಅಂತೀರಿ. ಮತ್ತೆ ಆ ಹೆಂಗಸಿನ ಆಕ್ಸಿಜನ್ ಮಷಿನ್ ತಿಂಗಳುಗಟ್ಟಲೆ ಹೇಗೆ ಓಡ್ತಾ ಇದೆ? ನಿಮ್ಮ ತಲೆ ಓಡೋದು ನಿಂತಿದೆಯಾ?”

ಇದನ್ನು ಕೇಳಿದವಳು ನೀನೊಬ್ಬಳೇ ಆಗಿದ್ದರೆ ಎರಡು ಸಾಲಿನಲ್ಲಿ ತಮಾಷೆ ಮಾಡಿ ಮುಗಿಸುತ್ತಿದ್ದೆ. ‘ಕೊನೆಯ ಬಲ್ಬು’ ನೋಡುವವರೆಲ್ಲ ಇದನ್ನೇ ಕೇಳುತ್ತಿದ್ದಾರೆ. ವಾಹಿನಿಯವರು ಪ್ರತಿ ಸೋಮವಾರ ಪ್ರತಿಕ್ರಿಯೆಗಳನ್ನೆಲ್ಲ ಒಟ್ಟುಮಾಡಿ ನನಗೆ ಕಳಿಸುತ್ತಾರೆ. ಹೆಸರಿಗೆ ವೀಕ್ಷಕರು, ಕೆಲಸಕ್ಕೆ ಪರೀಕ್ಷಕರು. ಕಾಲೇಜಿನಲ್ಲಿ ಮೇಷ್ಟ್ರಾಗಿ ಹುಡುಗರ ಉತ್ತರಪತ್ರಿಕೆಗಳ ಮೇಲೆ ಕೆಂಪು ಗೆರೆ ಎಳೆದದ್ದಕ್ಕೆಲ್ಲ ಈಗ ಬಡ್ಡಿಸಮೇತ ಅನುಭವಿಸುತ್ತಿದ್ದೇನೆ.

ಶುರುವಿನಲ್ಲಿ ಎಲ್ಲ ಲಘುವಾಗಿಯೇ ಇತ್ತು. “ತೆರೆ ಮೇಲೆ ಬರೀ ಕತ್ತಲೆ, ಯಾರು ಯಾರನ್ನ ಹೊಡೀತಿದಾರೆ ಗೊತ್ತಾಗಲ್ಲ, ಸ್ವಲ್ಪ ಲೈಟ್ ಹಾಕಿ” ಎಂದು ಒಬ್ಬರು. ಕರೆಂಟಿಲ್ಲದ ಲೋಕದ ಕಥೆಗೆ ಲೈಟ್ ಹಾಕಿ ಎನ್ನುವವರಿಗೆ ಏನು ಹೇಳುವುದು? ನಾಯಕನ ಅಂಗಿಗೆ ಇಸ್ತ್ರಿ ಮಾಡಿದವರು ಯಾರು ಎಂದು ಒಬ್ಬಾಕೆ ಕೇಳಿದರು. ಅಂದಿನಿಂದ ಸ್ತ್ರೀ ಸಮಸ್ಯೆಯನ್ನು ಬದಿಗಿಟ್ಟು ಇಸ್ತ್ರಿ ಸಮಸ್ಯೆ ಹಿಡಿದುಕೊಂಡೆವು. ಈಗ ನಾಯಕ ಮುದುರಿದ ಅಂಗಿ ಹಾಕುತ್ತಾನೆ, ಮುಖವನ್ನೂ ಅದಕ್ಕೆ ಸರಿಯಾಗಿ ಮುದುರಿಕೊಂಡಿರುತ್ತಾನೆ. ಇನ್ನೊಬ್ಬರದು ಬೇರೆಯೇ ಗೋಳು: “ನಿಮ್ಮ ಧಾರಾವಾಹಿ ಬರೋ ಹೊತ್ತಿಗೇ ನಮ್ಮ ಬೀದೀಲಿ ಕರೆಂಟ್ ಹೋಗುತ್ತೆ. ದಯವಿಟ್ಟು ಮರುಪ್ರಸಾರ ಮಾಡಿ.” ನಾನು ತೋರಿಸಬೇಕೆಂದಿದ್ದನ್ನು ಅವರು ಮನೆಯಲ್ಲಿ ಕೂತೇ ಕಂಡಿದ್ದಾರೆ, ಇನ್ನು ಮರುಪ್ರಸಾರ ಯಾತಕ್ಕೆ?

ಆಮೇಲೆ ಆ ಹೆಂಗಸಿನ ಸರದಿ ಬಂತು.

ಅವಳು ಮೊದಲ ವಾರದಲ್ಲೇ ಸಾಯಬೇಕಾದವಳು. ಕರೆಂಟ್ ಹೋದರೆ ಏನಾಗುತ್ತದೆ ಎಂದು ಜನಕ್ಕೆ ತಟ್ಟಬೇಕಾದರೆ ಒಂದು ಸಾವು ಬೇಕು ಎಂದು ನಿರ್ದೇಶಕ ಹೇಳಿದ್ದ. ಅದಕ್ಕೆಂದೇ ಅವಳಿಗೆ ಆಮ್ಲಜನಕದ ಯಂತ್ರ, ಮೂಗಿಗೆ ಕೊಳವೆ, ಪಕ್ಕದಲ್ಲೊಬ್ಬ ಗಂಡ. ನಾನು ಒಪ್ಪಿ ಮುಂಗಡವನ್ನೂ ಇಸಕೊಂಡಿದ್ದೆ. ಅದೇ ವಾರ ನಮ್ಮ ಮನೆಗೆ ನಿಜವಾದ ಯಂತ್ರ ಬಂತು. ನೀನೇ ಎದುರು ನಿಂತು ಅದನ್ನು ಮಂಚದ ಪಕ್ಕ ಇಡಿಸಿ ಹೋದೆಯಲ್ಲ, ಅದೇ. ಅದರ ಗುರ್ ಗುರ್ ಕೇಳುತ್ತಾ ಮೇಜಿನ ಮುಂದೆ ಕೂತು ‘ಯಂತ್ರ ನಿಲ್ಲುತ್ತದೆ’ ಎಂದು ಬರೆಯಲು ಹೋದರೆ ಕೈ ಮುಂದಕ್ಕೆ ಹೋಗಲಿಲ್ಲ. ಕೊನೆಗೆ ಆ ಗಂಡನಿಗೆ ಒಂದು ಹಳೆಯ ಸೈಕಲ್ ಕೊಟ್ಟೆ. ಚಕ್ರಕ್ಕೆ ಒಂದು ಡೈನಮೊ, ಡೈನಮೊದಿಂದ ಯಂತ್ರಕ್ಕೊಂದು ತಂತಿ. ಅವನು ತುಳಿದಷ್ಟು ಹೊತ್ತು ಅವಳು ಉಸಿರಾಡುತ್ತಾಳೆ. ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ವೀಕ್ಷಕರು ಬೇರೆಡೆ ತಟ್ಟಿದರು. ಒಬ್ಬ ಭೌತಶಾಸ್ತ್ರದ ಮೇಷ್ಟ್ರು ಲೆಕ್ಕ ಹಾಕಿ, ಆ ಯಂತ್ರ ಓಡಬೇಕಾದರೆ ಒಬ್ಬ ಗಂಡ ಸಾಲುವುದಿಲ್ಲ, ಕನಿಷ್ಠ ಮೂವರು ಬೇಕು ಎಂದು ಬರೆದರು. “ಕಾನೂನಿನ ತೊಂದರೆ ಇದೆ ಸಾರ್” ಎಂದು ಉತ್ತರಿಸಿದೆ. “ಈ ಮನುಷ್ಯ ಊಟ ಯಾವಾಗ ಮಾಡ್ತಾನೆ, ಬಚ್ಚಲಿಗೆ ಯಾವಾಗ ಹೋಗ್ತಾನೆ?” ಎಂದು ಒಬ್ಬರು. “ಇಷ್ಟು ತಿಂಗಳಿಂದ ತುಳೀತಿದ್ರೂ ಹೊಟ್ಟೆ ಕರಗಿಲ್ಲ, ಬರೀ ನಮ್ಮ ತಾಳ್ಮೆ ಕರಗ್ತಿದೆ” ಎಂದು ಇನ್ನೊಬ್ಬರು. ಬರಬರುತ್ತಾ ಜನಕ್ಕೆ ರೇಗಿತು. “ಧಾರಾವಾಹಿ ಅಂದ್ರೆ ಕಂತು ಕಂತಾಗಿ ಸಾಯಿಸೋದಾ? ಆ ಮುದುಕಿಯನ್ನ ಒಂದೇ ಸಲ ಕಳಿಸಿಕೊಡಿ, ಕಥೆ ಮುಂದೆ ಹೋಗ್ಲಿ.” ಇದಕ್ಕೆ ಮೆಚ್ಚುಗೆ ಒತ್ತಿದವರನ್ನೆಲ್ಲ ಒಂದೆಡೆ ಸೇರಿಸಿದರೆ ಒಂದು ಊರಾಗುತ್ತದೆ.

ಅಂದಹಾಗೆ, ಪಾತ್ರದ ವಯಸ್ಸು ನಿನ್ನಕ್ಕನದೇ. ಮುದುಕಿಯಂತೆ. ಇದನ್ನು ಅವಳಿಗೆ ಹೇಳಬೇಡ. ಹೇಳಬೇಕಾದ್ದೂ ಇಲ್ಲ, ಫೋನಿನಲ್ಲಿ ಅವಳೇ ಎಲ್ಲ ಓದುತ್ತಾಳೆ. ಸಂಜೆ ಕಂತು ಮುಗಿದ ಮೇಲೆ ದಿಂಬಿಗೆ ಒರಗಿ, ಒಂದೊಂದನ್ನೇ ನನಗೆ ಓದಿ ಹೇಳುತ್ತಾಳೆ. ಒಂದು ವಾಕ್ಯಕ್ಕೆ ಎರಡು ಸಲ ನಿಲ್ಲಬೇಕು. ನಗು ಬಂದರೆ ಇನ್ನೂ ಕಷ್ಟ, ಆದರೂ ನಗುತ್ತಾಳೆ. ನೀನು ಬಂದು ಹೋದಾಗ ಯಂತ್ರದಲ್ಲಿ ಆಮ್ಲಜನಕದ ಅಳತೆ ತೋರಿಸುವ ಗುಂಡು ಎರಡರ ಗೆರೆಯಲ್ಲಿತ್ತು, ಈಗ ನಾಲ್ಕರಲ್ಲಿದೆ. ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲು ಬರುವುದಿಲ್ಲ. ಅದರಿಂದ ಈಚೀಚೆಗೆ ನಮ್ಮ ಹತ್ತಿರ ಬರೀ ಹವಾಮಾನ ಮಾತಾಡುತ್ತಾರೆ.

ಹೋದ ವಾರ ನಿರ್ದೇಶಕ ಕರೆಸಿದ್ದ. ನನ್ನ ಹಳೆಯ ಶಿಷ್ಯ, ಮಾತಿನಲ್ಲಿ ಮರ್ಯಾದೆ ಬಿಟ್ಟವನಲ್ಲ. ಸಂಕಲನದ ಕೋಣೆಯಲ್ಲಿ, ತುಳಿಯುತ್ತಿದ್ದ ಗಂಡನನ್ನು ತೆರೆಯ ಮೇಲೆ ನಿಲ್ಲಿಸಿಟ್ಟುಕೊಂಡು ಕೂತಿದ್ದ.

“ಮೇಷ್ಟ್ರೇ, ಈ ಪುಣ್ಯಾತ್ಮ ಎಲ್ಲಿಗೆ ಹೋಗ್ತಿದಾನೆ?”

“ಎಲ್ಲಿಗೂ ಇಲ್ಲಪ್ಪ. ಸೈಕಲ್‌ಗೆ ಸ್ಟ್ಯಾಂಡ್ ಹಾಕಿದೆ.”

“ಅದೇ ಹೇಳ್ತಿರೋದು. ಕಥೆಗೂ ಸ್ಟ್ಯಾಂಡ್ ಹಾಕಿಬಿಟ್ಟಿದೀರಿ.” ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದ. “ಮನೇಲಿ ಹೇಗಿದಾರೆ ಅಂತ ನಂಗೊತ್ತು ಮೇಷ್ಟ್ರೇ. ಅದಕ್ಕೇ ಇಷ್ಟು ದಿನ ಮೇಲಿನವರ ಬಾಯಿ ಮುಚ್ಚಿಸಿದೆ. ಇನ್ನಾಗಲ್ಲ. ಇಪ್ಪತ್ತನೇ ತಾರೀಕು ಗುರುವಾರದ ಕಂತಲ್ಲಿ ಅವಳು ಹೋಗ್ಬೇಕು. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿ, ಬೇರೆಯವರ ಹತ್ರ ಬರೆಸ್ತೀನಿ.”

ಬೇರೆಯವರು ಎಂದರೆ ಯಾರೆಂದು ನನಗೆ ಗೊತ್ತು. ಆ ಹುಡುಗ ಸಾಯುವವರ ಬಾಯಲ್ಲಿ ಒಂದೂವರೆ ಪುಟ ಭಾಷಣ ಮಾಡಿಸುತ್ತಾನೆ. ಉಸಿರೇ ಇಲ್ಲದವಳು ಒಂದೂವರೆ ಪುಟ ಹೇಗೆ ಮಾತಾಡಿಯಾಳು? ನಾನೇ ಬರೆಯುತ್ತೇನೆ ಎಂದು ಹೇಳಿ ಬಂದೆ. ಬಂದವನು ಮೂರು ದಿನ ಬರೆಯಲಿಲ್ಲ. ಸೈಕಲ್ಲಿನ ಚೈನು ಕಳಚುವಂತೆ ಮಾಡಿದೆ, ಮತ್ತೆ ಹಾಕಿಸಿದೆ. ಪಕ್ಕದ ಮನೆಯವನನ್ನು ಸರದಿಯ ಮೇಲೆ ತುಳಿಯಲು ಕರೆಸಿದೆ. ಹಾಳೆಗಳೆಲ್ಲ ಬುಟ್ಟಿಗೆ ಹೋದವು.

ನಾಲ್ಕನೆಯ ದಿನ ಬೆಳಿಗ್ಗೆ ನಿನ್ನಕ್ಕ ಮಂಚದಿಂದಲೇ ಕೂಗಿದಳು. ಕೂಗಿದಳು ಎನ್ನುವುದು ಹಳೆಯ ಅಭ್ಯಾಸದ ಮಾತು, ಬೆರಳಿನಿಂದ ಮಂಚ ಬಡಿದಳು.

“ರೀ, ಅವಳನ್ನ ಯಾಕೆ ಇನ್ನೂ ಇಟ್ಕೊಂಡಿದೀರಿ?”

“ಗಂಡ ತುಳೀತಾ ಇದಾನಲ್ಲ.”

“ಅವನ ಮುಖ ನೋಡಿದೀರಾ?”

“ಮೇಕಪ್ಪು.”

“ಮೇಕಪ್ಪು ಹಾಕಿದವರು ನಿಮ್ಮನ್ನ ನೋಡ್ಕೊಂಡೇ ಹಾಕಿರ್ಬೇಕು” ಎಂದು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಬೆನ್ನು ಸವರುತ್ತಾ ಕೂತೆ. ಆಮೇಲೆ ಅವಳೇ ಹೇಳಿದಳು. “ನಿಮ್ಮ ವೀಕ್ಷಕರು ಎಲ್ಲಾ ಕೇಳಿದಾರೆ. ಯಂತ್ರ ಹೇಗೆ ಓಡ್ತಿದೆ ಅಂತ ಕೇಳಿದಾರೆ, ಅವನು ಊಟ ಯಾವಾಗ ಮಾಡ್ತಾನೆ ಅಂತ ಕೇಳಿದಾರೆ. ಅವಳನ್ನ ಏನಾದ್ರೂ ಕೇಳ್ಬೇಕು ಅಂತ ಯಾರಿಗೂ ಅನ್ನಿಸಿಲ್ಲ. ಬರೆಯೋ ನಿಮಗೂ ಅನ್ನಿಸಿಲ್ಲ. ಇಷ್ಟು ಕಂತಲ್ಲಿ ಒಂದು ಮಾತು ಕೊಟ್ಟಿದೀರಾ ಅವಳಿಗೆ?”

ಗುಬ್ಬಿ, ನಾನು ತಲೆಯಲ್ಲೇ ಹಿಂದಕ್ಕೆ ಹೋಗಿ ಹುಡುಕಿದೆ. ನಿಜ, ಒಂದು ಮಾತೂ ಇರಲಿಲ್ಲ. ಮಾತು ಮಾರಿ ಬದುಕುವವನು ನಾನು. ಅವಳಿಗೆ ಕೊಟ್ಟದ್ದು ಬರೀ ಉಸಿರು.

“ಪೆನ್ನು ತಗೊಳ್ಳಿ” ಎಂದಳು.

ತೆಗೆದುಕೊಂಡೆ. ಅವಳು ಹೇಳುತ್ತಾ ಹೋದಳು, ನಾನು ಬರೆದುಕೊಂಡೆ. ದೃಶ್ಯ ಅರ್ಧ ಪುಟವೂ ಇಲ್ಲ. ಗಂಡ ತುಳಿಯುತ್ತಿದ್ದಾನೆ. ಅವಳು, “ಇಳೀರಿ” ಎನ್ನುತ್ತಾಳೆ. ಅವನು ಕೇಳಿಸದವನಂತೆ ತುಳಿಯುತ್ತಾನೆ. “ನಿಮಗೇ ಹೇಳಿದ್ದು. ಇಳೀರಿ. ಇಲ್ಲಿ ಬಂದು ಕೂತ್ಕೊಳ್ಳಿ. ಇಷ್ಟು ತಿಂಗಳಾಯ್ತು, ನನ್ನ ಪಕ್ಕ ಕೂತಿದೀರಾ?” ಅವನು ಇಳಿಯುತ್ತಾನೆ. ಚಕ್ರ ಸ್ವಲ್ಪ ಹೊತ್ತು ತಾನಾಗಿ ತಿರುಗುತ್ತದೆ. ಅವನು ಬಂದು ಕೂರುತ್ತಾನೆ. ಅಷ್ಟೇ. ಸಂಗೀತ ಹಾಕಬಾರದು ಎಂದು ಕೂಡ ಬರೆಸಿದಳು.

“ಅವನು ಏನೂ ಹೇಳಲ್ವಾ?” ಎಂದು ಕೇಳಿದೆ.

“ಅವನಿಗೆ ಮಾತು ಕೊಟ್ರೆ ತಮಾಷೆ ಮಾಡ್ತಾನೆ” ಎಂದಳು.

ನಿರ್ದೇಶಕನಿಗೆ ಕಳಿಸಿದೆ. ಅವನು ಒಂದಕ್ಷರ ತಿದ್ದಲಿಲ್ಲ. ಚಿತ್ರೀಕರಣದಲ್ಲಿ ಸೈಕಲ್ಲಿನ ನಟನಿಗೆ ಇಳಿದು ಕೂತ ಮೇಲೆ ಮತ್ತೆ ಏಳಲು ಬಹಳ ಹೊತ್ತು ಹಿಡಿಯಿತಂತೆ. ಅವನ ಬದುಕಿನ ಅತಿ ಒಳ್ಳೆಯ ಅಭಿನಯ ಎಂದು ಎಲ್ಲರೂ ಹೊಗಳಿದ್ದಾರೆ. ಮಂಡಿ ಹಿಡಿದಿತ್ತು ಅಷ್ಟೇ ಎಂದು ಅವನು ನನ್ನ ಹತ್ತಿರ ಹೇಳಿದ.

ಗುರುವಾರ ಸಂಜೆ ಅದು ಪ್ರಸಾರವಾಗುತ್ತದೆ. ನಿನ್ನಕ್ಕ ನೋಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಜನ ಏನೆನ್ನುತ್ತಾರೋ ಎಂಬ ಕುತೂಹಲವಂತೆ. ನೀನು ಅದಕ್ಕಿಂತ ಮುಂಚೆ ಬಾ. ರಜೆ ಸಿಗುವುದಿಲ್ಲ ಎಂದರೆ ಭಾವನಿಗೆ ಹುಚ್ಚು ಹಿಡಿದಿದೆ ಎಂದು ಹೇಳಿ ಕೇಳು, ಧಾರಾವಾಹಿ ನೋಡಿದವರು ನಂಬುತ್ತಾರೆ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ಮಕ್ಕಳಿಗೆ ಒಳ್ಳೆಯ ಬುದ್ಧಿ ಬರಲಿ, ನಿನ್ನ ಬಾಯಿ ಹೀಗೇ ಚುರುಕಾಗಿರಲಿ, ನಿನ್ನ ಮನೆ ತಣ್ಣಗಿರಲಿ ಎಂದು ಹಾರೈಸುವ,

ನಿನ್ನ ಭಾವ

ಮರೆತಿದ್ದೆ ಎಂದರೆ ನೀನು ನಂಬುವುದಿಲ್ಲ. ಮೇಲಿನದೆಲ್ಲ ಬರೆದದ್ದೇ ಇದನ್ನು ಬರೆಯದೆ ತಪ್ಪಿಸಿಕೊಳ್ಳಲು.

ಆ ದೃಶ್ಯ ಬರೆದು ಮುಗಿಸಿದ ಮಧ್ಯಾಹ್ನ ನಾನು ಕುರ್ಚಿಯಲ್ಲೇ ನಿದ್ದೆಹೋದೆ. ಯಂತ್ರ ಬಂದ ಮೇಲೆ ಅಂಥ ನಿದ್ದೆ ಬಂದಿರಲಿಲ್ಲ. ಅಷ್ಟು ಹೊತ್ತಿಗೆ ನಿಜವಾಗಿಯೂ ಕರೆಂಟ್ ಹೋಗಿದೆ. ಕರೆಂಟ್ ಹೋದರೆ ಯಂತ್ರ ಕಿರುಚಿಕೊಳ್ಳುತ್ತದೆ. ಕೂಡಲೇ ಕೊಳವೆ ಕಳಚಿ, ಮೂಲೆಯಲ್ಲಿರುವ ಸಿಲಿಂಡರಿಗೆ ಹಾಕಬೇಕು. ಅದು ನನ್ನ ಕೆಲಸ. ಬಚ್ಚಲಿನಲ್ಲಿದ್ದರೂ, ಬೀದಿಯಲ್ಲಿದ್ದರೂ ಆ ಸದ್ದಿಗೆ ಓಡಿ ಬಂದವನು ನಾನು. ಅಂದು ಮೂರು ಮಾರು ದೂರದಲ್ಲಿ ಕೂತಿದ್ದವನಿಗೆ ಕೇಳಿಸಲಿಲ್ಲ.

ಕರೆಂಟ್ ಬಂದು, ಫ್ಯಾನ್ ತಿರುಗಿ, ಹಾಳೆಗಳು ಮುಖಕ್ಕೆ ಹಾರಿದಾಗ ಎಚ್ಚರವಾಯಿತು. ನಿನ್ನಕ್ಕ ಮೂಲೆಯಲ್ಲಿ ಸಿಲಿಂಡರಿಗೆ ಒರಗಿಕೊಂಡು ನೆಲದ ಮೇಲೆ ಕೂತಿದ್ದಳು. ತುಟಿಗಳು ನೀಲಿಯಾಗಿದ್ದವು. ಮೊಣಕೈ ತರಚಿತ್ತು, ತೆವಳಿಕೊಂಡು ಹೋಗಿರಬೇಕು. ನನ್ನನ್ನೇ ನೋಡುತ್ತಿದ್ದಳು. ಯಾಕೆ ಎಬ್ಬಿಸಲಿಲ್ಲ ಎಂದು ಕೇಳಿದ್ದಕ್ಕೆ, “ಎಷ್ಟು ಚೆನ್ನಾಗಿ ಮಲಗಿದ್ರಿ” ಎಂದಳು.

ಅದರಲ್ಲಿ ಕೊಂಕು ಇರಲಿಲ್ಲ ಗುಬ್ಬಿ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಗದದ ಮೇಲೆ ಅವಳನ್ನು ಕಳಿಸಿಕೊಟ್ಟ ಮೇಲೆಯೇ ನನಗೆ ಆ ನಿದ್ದೆ ಬಂದದ್ದು. ನನಗೆ ಅದು ಗೊತ್ತು, ಅವಳಿಗೂ ಗೊತ್ತಾಗಿದೆ.

ನೀನು ಬಾ. ನಾನು ಮಲಗಿದರೆ ಎಬ್ಬಿಸುವವರು ಈ ಮನೆಯಲ್ಲಿ ಒಬ್ಬರು ಇರಬೇಕು. ಅವಳು ಎಬ್ಬಿಸುವುದಿಲ್ಲ.